ಮಾಲ್ಟಾದ ಅಳಿಯ, ಚಿಕ್ಕಪ್ಪನ ವಿಶ್ವಕಪ್

ನನ್ನ ತಂಗಿ ಮಾಲ್ಟಾದ ಆಸ್ಪತ್ರೆಯೊಂದರಲ್ಲಿ ನರ್ಸ್. ಅಲ್ಲಿಯ ಫುಟ್‌ಬಾಲ್ ಆಟಗಾರನೊಬ್ಬ ಮಂಡಿ ಆಪರೇಷನ್ನಿಗೆಂದು ಅವಳ ವಾರ್ಡಿಗೆ ಬಂದಿದ್ದ. ಮಂಡಿ ಪೂರ್ತಿ ವಾಸಿಯಾಗಲಿಲ್ಲ, ಮದುವೆ ಮಾತ್ರ ಆಯಿತು. ಸುದ್ದಿ ಕಣಕಟ್ಟೆಯ ನಮ್ಮ ಮನೆಗೆ ಮುಟ್ಟಿದಾಗ ಅಪ್ಪನಿಗಿಂತ ಹೆಚ್ಚು ಹಾರಾಡಿದವರು ಚಿಕ್ಕಪ್ಪ.

"ಏನ್ ಕೆಲ್ಸವಂತೆ ಅವನ್ದು?" ಎಂದು ನನ್ನನ್ನು ಕೇಳಿದರು.

"ಫುಟ್‌ಬಾಲ್ ಆಡ್ತಾರೆ ಚಿಕ್ಕಪ್ಪ."

"ಆಡ್ಲಿ ಬಿಡು, ಸಂಜೆ ಹೊತ್ತು ಆಡ್ಕಳ್ಳಿ. ನಾನ್ ಕೇಳಿದ್ದು ಕೆಲ್ಸ."

ಅದೇ ಕೆಲಸ ಎಂದೆ. ಚಿಕ್ಕಪ್ಪ ಟವಲು ಕೊಡವಿ ಎದ್ದರು. "ಚೆಂಡು ಒದಿಯೋನಿಗೆ ಹೆಣ್ಣು ಕೊಟ್ರು ಅಂತ ಜಾವಗಲ್‌ಗಂಟ ನಗ್ತಾರೆ ಕಣಮ್ಮ!" ನಾವೇನೂ ಕೊಟ್ಟಿರಲಿಲ್ಲ, ಅವಳೇ ಆರಿಸಿಕೊಂಡಿದ್ದಳು. ಆದರೆ ಅಷ್ಟು ಸಣ್ಣ ವಿಷಯವೂ ಚಿಕ್ಕಪ್ಪನ ತಲೆಗೆ ಹತ್ತುವಂಥದ್ದಲ್ಲ. ಅಪ್ಪ ಎದ್ದು ತೋಟಕ್ಕೆ ಹೋದರು.

ತಂಗಿಯ ಗಂಡನ ಆಟದ ಬದುಕು ದೊಡ್ಡದೇನಲ್ಲ. ನಮ್ಮ ಅರಸೀಕೆರೆ ತಾಲ್ಲೂಕಿಗಿಂತ ಚಿಕ್ಕ ದೇಶ ಅದು. ತನ್ನ ಊರಿನ ಕ್ಲಬ್ಬಿನಲ್ಲಿ ಆಡುತ್ತ ಬೆಳೆದು ಸ್ಟ್ರೈಕರ್ ಆದ, ಒಂದಷ್ಟು ವರ್ಷ ಚೆನ್ನಾಗಿ ಗೋಲು ಹೊಡೆದ. ಇಟಲಿಯ ಕೆಳಗಿನ ಡಿವಿಷನ್ನಿನ ತಂಡವೊಂದು ಕರೆದೊಯ್ದು ಆಡಿಸದೆ ಬೆಂಚಿನ ಮೇಲೆ ಕೂರಿಸಿತು. ವಾಪಸ್ಸು ಬಂದ ಮೇಲೆ ದೇಶದ ತಂಡಕ್ಕೂ ಒಮ್ಮೆ ಸೇರಿಸಿಕೊಂಡರು. ಪಂದ್ಯ ಆಗಲೇ ಕೈತಪ್ಪಿತ್ತು, ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಮೈದಾನಕ್ಕೆ ಇಳಿಸಿದರು. ಒಂದು ಒದೆ ಒದ್ದ, ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಹೋಯಿತು. ಆಮೇಲೆ ಮಂಡಿ ಕೈಕೊಟ್ಟಿತು. ಈಗ ಅಲ್ಲೇ ಒಂದು ಕ್ಲಬ್ಬಿನಲ್ಲಿ ಕೋಚ್. ಇದನ್ನೆಲ್ಲ ಅವನು ಫೋನಿನಲ್ಲಿ ನಗುತ್ತಲೇ ನನಗೆ ಹೇಳಿದ್ದ.

ಹೋದ ವರ್ಷ ಇಬ್ಬರೂ ಊರಿಗೆ ಬಂದರು. ಅಷ್ಟರಲ್ಲಿ ಚಿಕ್ಕಪ್ಪನಿಗೆ ಚುನಾವಣೆಗೆ ನಿಲ್ಲುವ ಆಸೆ ಹುಟ್ಟಿತ್ತು, ಅದರ ಜೊತೆಗೇ ಅಳಿಯನ ಮೇಲೆ ಪ್ರೀತಿಯೂ ಹುಟ್ಟಿತ್ತು. ಅರಸೀಕೆರೆಯಲ್ಲಿ ಒಂದು ಪ್ರದರ್ಶನ ಪಂದ್ಯ ಏರ್ಪಡಿಸಿ, ಹಗರೆಯವರೆಗೂ ಫ್ಲೆಕ್ಸ್ ಕಟ್ಟಿಸಿದರು. ಮೇಲೆ 'ವಿಶ್ವಕಪ್ ವೀರ, ನಮ್ಮೂರ ಅಳಿಯ'. ಕೆಳಗೆ ಕೈಮುಗಿದ ಚಿಕ್ಕಪ್ಪ, ಅಳಿಯನಿಗಿಂತ ದೊಡ್ಡದಾಗಿ. ಚಿತ್ರದ ಆ ಅಳಿಯನಾದರೋ ನಮ್ಮವನೇ ಅಲ್ಲ. ಇಂಟರ್ನೆಟ್ಟಿನಿಂದ ಎತ್ತಿದ ಬೇರೆ ಯಾವನೋ ಆಟಗಾರ.

"ಇದು ಯಾರು?" ಎಂದು ತಂಗಿಯ ಗಂಡ ಕೇಳಿದ. ನೀನೇ ಅಂತೆ ಎಂದೆ. "ನನಗಿಂತ ಚೆನ್ನಾಗಿದ್ದಾನೆ," ಎಂದ.

ಪಂದ್ಯದ ಹಿಂದಿನ ದಿನ ಬೇಲೂರು, ಹಳೇಬೀಡು ತೋರಿಸುವ ನೆಪದಲ್ಲಿ ಚಿಕ್ಕಪ್ಪ ಫೋಟೋ ತೆಗೆಯುವವನನ್ನೂ ಕಾರಿಗೆ ಹತ್ತಿಸಿದರು. ಬೇಲೂರಿನಲ್ಲಿ ಹೇಗೋ ಮಾನ ಉಳಿಯಿತು. ಹಳೇಬೀಡಿನಲ್ಲಿ ಗೋಡೆಯ ಆನೆಸಾಲಿನ ಮುಂದೆ ಅಳಿಯನ ಕೈಗೆ ಚೆಂಡು ಕೊಟ್ಟು, ಒದೆಯುವ ಹಾಗೆ ಕಾಲೆತ್ತಿ ನಿಲ್ಲಲು ಹೇಳಿದರು. ಕಾವಲಿನವನು ಓಡಿಬಂದು, "ಏನ್ರೀ, ದೇವಸ್ಥಾನ ಕಣ್ರೀ ಇದು!" ಎಂದು ಕೂಗಿದ. ಚಿಕ್ಕಪ್ಪ ತಕ್ಷಣ ಅಳಿಯನ ಕಡೆ ಕೈ ತೋರಿಸಿ, "ಹೇಳುದ್ರೂ ಕೇಳಕಿಲ್ಲ ಈ ಫಾರಿನ್ನವ್ರು," ಎಂದುಬಿಟ್ಟರು. ತಂಗಿ ಕಣ್ಣಲ್ಲೇ ಅವರನ್ನು ಸುಟ್ಟಳು. ನಾನು ಚೆಂಡು ಕಿತ್ತುಕೊಂಡು ಹೋಗಿ ಕಾರಿನ ಡಿಕ್ಕಿಗೆ ಎಸೆದೆ.

ಮರುದಿನ ಮೈದಾನ ತುಂಬಿತ್ತು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳಾದ್ದರಿಂದ ತಂಗಿಯ ಗಂಡನ ಭಾಷಣವನ್ನು ಕನ್ನಡದಲ್ಲಿ ಹೇಳುವ ಕೆಲಸ ನನಗೆ ಬಿತ್ತು. "ವರ್ಲ್ಡ್ ಕಪ್ ಬಿಡಬ್ಯಾಡ ಕಣವ್ವ," ಎಂದು ಚಿಕ್ಕಪ್ಪ ಕಿವಿಯಲ್ಲಿ ಉಸುರಿದರು.

ಅವನು ಮೈಕ್ ಹಿಡಿದು ಚುಟುಕಾಗಿ ಮಾತಾಡಿದ. ನಾನು ಅದನ್ನು ಇದ್ದ ಹಾಗೇ ಹೇಳಿದೆ: "ನಾನು ವಿಶ್ವಕಪ್ ಆಡಿಲ್ಲ. ನನ್ನ ದೇಶ ಇವತ್ತಿನವರೆಗೂ ಅಲ್ಲಿಗೆ ಹೋಗಿಲ್ಲ. ಹೆಂಡತಿಯ ಊರು ನೋಡಲು ಬಂದಿದ್ದೇನೆ. ಆಡಲು ಕರೆದಿದ್ದಕ್ಕೆ ಖುಷಿಯಾಗಿದೆ."

ವೇದಿಕೆಯ ಗಣ್ಯರ ಮುಖ ನೋಡಬೇಕಿತ್ತು. ಒಬ್ಬರಿಗೆ ಇದ್ದಕ್ಕಿದ್ದಂತೆ ಹಾಸನದಲ್ಲಿ ಮೀಟಿಂಗ್ ನೆನಪಾಯಿತು, ಇನ್ನೊಬ್ಬರಿಗೆ ಫೋನ್ ಬಂತು. ಅಳಿಯನಿಗೆಂದು ತಂದಿದ್ದ ಶಾಲನ್ನು ಹೊರಟಿದ್ದವರಲ್ಲೇ ಒಬ್ಬರಿಗೆ ಹೊದಿಸಿ ಚಿಕ್ಕಪ್ಪ ಅವರ ಹಿಂದೆಯೇ ಓಡಿದರು. ಅವನು ಮಾತ್ರ ಮಂಡಿಗೆ ಪಟ್ಟಿ ಸುತ್ತಿಕೊಂಡು ಮೈದಾನಕ್ಕೆ ಇಳಿದ.

ಓಡಲು ಆಗುತ್ತಿರಲಿಲ್ಲ. ಗೋಲಿನ ಹತ್ತಿರ ಅಡ್ಡಾಡುತ್ತಿದ್ದವನನ್ನು ಕಂಡು ನನ್ನ ಹಿಂದಿನವನೊಬ್ಬ, "ಏನ್ಲಾ, ತಾತನ್ನ ಕರ್ಕಂಬಂದವ್ರೆ?" ಎಂದು ನಕ್ಕ. ಫುಟ್‌ಬಾಲನ್ನು ಮೊಬೈಲಿನಲ್ಲಿ ಮಾತ್ರ ನೋಡಿದ ಜನಕ್ಕೆ ಪ್ರತಿ ಒದೆಯಲ್ಲೂ ಪಲ್ಟಿ ಹೊಡೆಯಬೇಕು. ಕೊನೆಗೊಮ್ಮೆ ಚೆಂಡು ಪಕ್ಕದಿಂದ ಹಾರಿಬಂದು ಎದುರಾಳಿಯೊಬ್ಬನ ಭುಜಕ್ಕೆ ತಾಗಿ ಕೆಳಗೆ ಬಿತ್ತು. ಬಿದ್ದ ಜಾಗದಲ್ಲಿ ನಮ್ಮವನಿದ್ದ. ಬಾಗಿಲು ಮುಂದಕ್ಕೆ ಹಾಕುವಷ್ಟು ಮೆತ್ತಗೆ ತಳ್ಳಿದ. ಗೋಲಾಯಿತು. ಆದರೂ ಅವನ ತಂಡ ಸೋತಿತು.

ಕಣಕಟ್ಟೆಗೆ ಹಿಂದಿರುಗುವಾಗ ಅಪ್ಪ ಕಾರಿನಲ್ಲಿ ಅವನ ಪಕ್ಕ ಕೂತಿದ್ದರು. ಮದುವೆಯಾದಾಗಿನಿಂದ ಅವನೊಂದಿಗೆ ನಮಸ್ಕಾರಕ್ಕಿಂತ ಹೆಚ್ಚು ಮಾತಾಡಿರದ ಅಪ್ಪ ತಂಗಿಗೆ ಹೇಳಿದರು: "ಕೇಳಮ್ಮ ಅವ್ರನ್ನ. ಎಲ್ರೂ ಚೆಂಡಿನ ಹಿಂದೆ ಓಡ್ತಿದ್ರು. ಅಲ್ಲಿಗೇ ಬತ್ತದೆ ಅಂತ ಇವ್ರಿಗೆ ಹೆಂಗೆ ಗೊತ್ತಾಯ್ತು?"

ತಂಗಿ ಕೇಳಿದಳು. "ಗೊತ್ತಿರಲಿಲ್ಲ," ಎಂದ ಅವನು. "ಬಂದರೆ ಯಾರಾದರೂ ಇರಬೇಕಲ್ಲ ಅಂತ ನಿಂತಿದ್ದೆ. ಬಹಳ ಸಲ ಬಂದೇ ಇಲ್ಲ."

"ಬರ್ದೇ ಇದ್ರೆ?" ಎಂದರು ಅಪ್ಪ.

"ಮತ್ತೆ ಹೋಗಿ ನಿಲ್ಲೋದು."

ಅಪ್ಪ, ಅಳಿಯ ಕಾಲು ಚಾಚಿಕೊಳ್ಳಲಿ ಎಂದು ಬಾಗಿಲ ಕಡೆಗೆ ಒತ್ತಿಕೊಂಡು ಕೂತು ಜಾಗ ಬಿಟ್ಟರು.

ಗಣ್ಯರನ್ನು ಕಳಿಸಿ ಬಂದಿದ್ದ ಚಿಕ್ಕಪ್ಪ ಮುಂದಿನ ಸೀಟಿನಲ್ಲಿ ಆಗಲೇ ಫೋನಿನಲ್ಲಿದ್ದರು. "ಹೂಂ ಕಣ್ರೀ, ಗೋಲ್ ಹೊಡ್ದಿದ್ದು ನಮ್ಮ ಅಳಿಯಂದ್ರೇ! ಸಂಬಂಧ ಬಂದಾಗ್ಲೇ ನಮ್ಮಣ್ಣಂಗೆ ಹೇಳ್ದೆ, ಕಣ್ಣು ಮುಚ್ಕಂಡು ಒಪ್ಕೊ ಅಂತ."

"ಚಿಕ್ಕಪ್ಪ, ಜೋರಾಗಿ ಹೇಳಿ," ಎಂದೆ, "ನಮ್ಮಪ್ಪನಿಗೂ ಕೇಳಿಸಲಿ."

ಅವರು ನಿಜವಾಗಿಯೂ ದನಿ ಏರಿಸಿದರು.