ದೇವರ ಮೇಲೆ ಮಲಗಿದ್ದ ಅಪ್ಪ

ತಿಕೋಟಾದಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದ ನಮ್ಮಪ್ಪ ದೊಡ್ಡ ಆಳು. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಮ್ಮನೆಯ ಹೊರಸುಗಳೆಲ್ಲ ಅವರ ಭಾರಕ್ಕೆ ಒಂದೊಂದಾಗಿ ಮುರಿದವು. ಅವ್ವ ರೋಸಿಹೋಗಿ, ಆನೆ ಮಲಗಿದರೂ ಅಲ್ಲಾಡದ ಮಂಚ ಬೇಕೆಂದಳು. ಅಪ್ಪ ಬಿಜಾಪುರದ ಕಟ್ಟಿಗೆ ಅಡ್ಡೆಗೆ ಹೋಗಿ, ಉತ್ತರ ಕನ್ನಡದ ಕಾಡಿನಿಂದ ಲಾರಿಯಲ್ಲಿ ಬಂದಿದ್ದ ಮತ್ತಿ ಮರದ ದಿಮ್ಮಿಯೊಂದನ್ನು ಆರಿಸಿ, ಕೊಯ್ಯಿಸಿ, ಮಂಚ ಮಾಡಿಸಿಕೊಂಡು ಬಂದರು. ಮಧ್ಯಾಹ್ನ ಅದರ ಮೇಲೆ ಒರಗಿದರೆಂದರೆ ಅವರ ಗೊರಕೆ ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು.

ನಾನಾಗ ಬಬಲೇಶ್ವರದ ಶಾಲೆಯಲ್ಲಿ ಶಿಕ್ಷಕಿ. ಒಂದು ರವಿವಾರ ಊರಿಗೆ ಬಂದಿದ್ದಾಗ ಮನೆ ಮುಂದೆ ಲಾರಿ ನಿಂತಿತು. ಡ್ರೈವರನ ಜೊತೆ ಒಬ್ಬ ಮುದುಕಿ ತೆಂಗಿನಕಾಯಿ ಹಿಡಿದು ಇಳಿದಳು. ಮಂಚದ ದಿಮ್ಮಿ ತಂದವನು ತಾನೇ, ಅಡ್ಡೆಯಲ್ಲಿ ಮನೆ ಕೇಳಿಕೊಂಡು ಬಂದೆ ಎಂದು ಡ್ರೈವರ್ ಹೇಳಿದ. ಕೊಯ್ಯುವಾಗ ಅದರೊಳಗಿದ್ದ ಕಬ್ಬಿಣದ ತ್ರಿಶೂಲಕ್ಕೆ ತಾಗಿ ಅಡ್ಡೆಯ ಗರಗಸ ಮುರಿದಿತ್ತಂತೆ. ಮಾಲೀಕ ತನಗೆ ಬೈದದ್ದನ್ನು ಅವನು ಕಾಡಿನ ಚಹಾದಂಗಡಿಯಲ್ಲಿ ನಗುತ್ತ ಹೇಳುತ್ತಿದ್ದರೆ, ಅಲ್ಲೇ ಕೂತಿದ್ದ ಈ ಮುದುಕಿ ಅಳತೊಡಗಿದಳಂತೆ. ತ್ರಿಶೂಲ ಹೊಡೆದವನು ಅವಳ ಅಜ್ಜ. ಆ ಮರ ಅವರ ಊರಿನ ದೇವರು.

ಅವ್ವ ಅವಳನ್ನು ಅಪ್ಪ ಮಲಗಿದ್ದ ಕೋಣೆಗೆ ಕರೆದೊಯ್ದಳು. ಮುದುಕಿ ಮಂಚದ ಕಾಲು ಮೂಸಿ, ಹೌದೆಂದು ತಲೆಯಾಡಿಸಿ, ನಾಲ್ಕೂ ಕಾಲಿಗೆ ಕುಂಕುಮ ಬಳಿದಳು. ಊದಿನಕಡ್ಡಿ ಹಚ್ಚಿದಳು, ಕಾಯಿ ಒಡೆದಳು. ಆ ಸದ್ದಿಗೆ ಅಪ್ಪನಿಗೆ ಎಚ್ಚರವಾಯಿತು. ನೋಡಿದರೆ ಕೋಣೆ ತುಂಬ ಹೊಗೆ, ಕಾಲ ಬಳಿ ಯಾರೋ ಕೈಮುಗಿದು ಅಳುತ್ತಿದ್ದಾರೆ. ಅಪ್ಪ ಮತ್ತೆ ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಅವ್ವನನ್ನು ಕೇಳಿದರು:

"ನಾ ಸತ್ತು ಭಾಳ ಹೊತ್ತಾತೇನ?"

"ಸತ್ತಿಲ್ಲ. ದೇವರ ಮ್ಯಾಲ ಮಲಗೀರಿ. ಮೊದಲ ಏಳ್ರಿ," ಎಂದಳು ಅವ್ವ.

ಅಪ್ಪ ಎದ್ದು ಕೂತು ಮುದುಕಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಗುತ್ತಿಗೆದಾರನ ಜನ ಗುಡ್ಡವನ್ನೇ ಬೋಳಿಸಿದ್ದರು. ಹಳ್ಳ ಬತ್ತಿತ್ತು. ಜೇನೂ ಇಲ್ಲ, ಸೀಗೆಕಾಯಿಯೂ ಇಲ್ಲ. ಊರಿನ ಗಂಡಸರು ರಸ್ತೆಗೆ ಕಲ್ಲು ಒಡೆಯಲು ಹೋಗಿದ್ದರು. ಅಪ್ಪ ಮುಜುಗರದಿಂದ, ಕೊಡಲಿ ಬೀಳುವಾಗ ದೇವರು ಏಕೆ ಸುಮ್ಮನಿದ್ದ ಎಂದು ಕೇಳಿಬಿಟ್ಟರು.

"ಅವನೂ ನಿಮ್ಮ ಹಾಂಗೇ. ಮಧ್ಯಾಹ್ನ ಮಲಗಿದ್ದ," ಎಂದು ಮುದುಕಿ ತಾನೇ ಮೊದಲು ನಕ್ಕಳು.

ಆಮೇಲೆ ಅವ್ವ ಅಪ್ಪನನ್ನು ಮಂಚಕ್ಕೆ ಕಾಲು ತಾಗಿಸಲೂ ಬಿಡಲಿಲ್ಲ. ಅಪ್ಪ ಮಂಚದ ಒಂದು ಕಾಲು ಬಿಚ್ಚಿ ಮುದುಕಿಗೆ ಕೊಡುತ್ತೇನೆಂದರು. ದೇವರು ಒಂಟಿ ಕಾಲಲ್ಲಿ ಕುಂಟುತ್ತ ಹೋಗಬೇಕೇ ಎಂದು ಅವ್ವ ಸಿಟ್ಟಾದಳು. ಕಾಡಿಗೆ ಖಾಲಿ ಹೋಗುವ ಲಾರಿಗೆ ಇಡೀ ಮಂಚವೇ ಏರಿತು. ಮುಟ್ಟಿಸಿ ಬರಲು ಅಪ್ಪನೂ ಹತ್ತಿದರು, ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟಿನೊಡನೆ.

ಕಾಡಿಗೆ ಹೋದವರು ತಂಪಾಗಿ ಬರುತ್ತಾರೆಂದುಕೊಂಡಿದ್ದೆವು, ಬಿಸಿಲಿಗೆ ಮುಖ ಸುಟ್ಟುಕೊಂಡು ಬಂದರು. ಮಂಚವನ್ನು ಮರದ ಬೊಡ್ಡೆಯ ಪಕ್ಕದಲ್ಲೇ ಇಟ್ಟರಂತೆ. ದೇವರಿಗೆ ಇವರ ಭಾರ ರೂಢಿಯಾಗಿರಬೇಕೆಂದು ಊರವರು ಇವರನ್ನೇ ಮಲಗಿಸಿ, ಸುತ್ತ ಕುಂಕುಮ ಹಾಕಿ ಪೂಜೆ ಮಾಡಿದರಂತೆ.

"ಕಾಡ ಅಂತಾರ. ನೆಳ್ಳಿಗೊಂದು ಗಿಡ ಉಳಿದಿಲ್ಲ," ಎಂದರು ಅಪ್ಪ.

ಅವ್ವ ಅವರ ಮುಖಕ್ಕೆ ಹಾಲಿನ ಕೆನೆ ಹಚ್ಚುತ್ತ, ಅಲ್ಲಿಯವರು ಈಗ ಏನು ಉಣ್ಣುತ್ತಾರೆಂದು ಕೇಳಿದಳು. ತಮ್ಮ ರೊಟ್ಟಿ ಗಂಟನ್ನು ಅಲ್ಲಿಯ ಹುಡುಗರು ಕ್ಷಣದಲ್ಲಿ ಖಾಲಿ ಮಾಡಿದರು ಎಂದರು ಅಪ್ಪ. ಮುಂದಿನ ಸಲ ಲಾರಿ ಹೊರಟಾಗ ಅವ್ವ ಅದರಲ್ಲಿ ಒಂದು ಚೀಲ ಜೋಳ ಹಾಕಿ ಕಳಿಸಿದಳು.