ಹಡ್ಸನ್ ವಿಮಾನದವನಿಗೆ ಇಟ್ಟ ಎಡೆ

ಯಾರಾದರೂ ದೆವ್ವ ಕಂಡೆ ಎಂದರೆ, ಹಿಂದಿನ ರಾತ್ರಿ ಏನು ಊಟ ಮಾಡಿದ್ದಿರಿ ಎಂದು ಕೇಳುವ ಜಾತಿಯವನು ನಾನು. ಹೊಟ್ಟೆ ಕೆಟ್ಟವರಿಗೆ ಮಾತ್ರ ದೆವ್ವ ಕಾಣುತ್ತದೆ ಎಂದು ಕಡೂರಿನ ಗೆಳೆಯರ ಮುಂದೆ ಜಂಬದಿಂದ ಹೇಳಿಕೊಂಡು ತಿರುಗಿದವನು. ಆದ್ದರಿಂದ ಈಗ ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ಬೇಸರವಿಲ್ಲ. ನಾನಾಗಿದ್ದರೂ ನಗುತ್ತಿದ್ದೆ.

ಎರಡನೇ ಮಹಾಯುದ್ಧದಲ್ಲಿ ಹಡ್ಸನ್ ಎಂಬ ಬಾಂಬರ್ ವಿಮಾನವಿತ್ತು. ಸಮುದ್ರದ ಮೇಲೆ ಗಸ್ತು ತಿರುಗುತ್ತ, ಶತ್ರುಗಳ ಹಡಗು ಕಂಡರೆ ಬಾಂಬ್ ಹಾಕುವುದು ಅದರ ಕೆಲಸ. ದೊಡ್ಡ ಹೆಸರಿನ ವಿಮಾನಗಳ ನಡುವೆ ಅದನ್ನು ಈಗ ಕೇಳುವವರೇ ಇಲ್ಲ. ಅದರ ಬಗ್ಗೆ, ಅದರಲ್ಲಿ ಹಾರಿದವರ ಬಗ್ಗೆ ಪುಸ್ತಕ ಬರೆಯುವ ಹುಚ್ಚು ನನಗೆ ಹಿಡಿದು ಕೆಲವು ವರ್ಷಗಳಾದವು. ಹೀಗೆ ಹುಡುಕುವಾಗ, ಬಂಗಾಳ ಕೊಲ್ಲಿಯ ಮೇಲೆ ಹೋದ ಒಂದು ಹಡ್ಸನ್ನಿನ ವೈರ್‌ಲೆಸ್ ಆಪರೇಟರ್ ನಮ್ಮ ಅಜ್ಜಂಪುರದ ಕಡೆಯವನು ಎಂದು ತಿಳಿಯಿತು. ರೈಲ್ವೆ ಸ್ಟೇಷನ್ನಿನಲ್ಲಿ ತಂತಿ ಕೆಲಸ ಕಲಿತು, ಅದೇ ವಿದ್ಯೆಯ ಬಲದಿಂದ ವಾಯುಪಡೆ ಸೇರಿದ್ದವನು. ಆ ವಿಮಾನದ ಕೊನೆಯ ಬಗ್ಗೆ ದಾಖಲೆಯಲ್ಲಿ ಇದ್ದದ್ದು ‘ಹಿಂದಿರುಗಲಿಲ್ಲ’ ಎಂಬ ಒಂದೇ ಮಾತು.

ಅವನ ಮಗಳು ಇನ್ನೂ ಇದ್ದಾರೆ ಎಂದು ತರೀಕೆರೆಯ ಗೆಳೆಯರೊಬ್ಬರು ವಿಚಾರಿಸಿ ಹೇಳಿದರು. ಹುಡುಕಿಕೊಂಡು ಹೋದೆ. ಹಾಲಮ್ಮಜ್ಜಿ ಎಂದು ಅವರ ಹೆಸರು. ಎಂಬತ್ತು ದಾಟಿದ್ದರೂ ಸೊಸೆ ಶೋಭಾ ಜೊತೆ ಜಗಲಿಯಲ್ಲಿ ಕೂತು ಈರುಳ್ಳಿಯ ಸೊಪ್ಪು ಕೊಯ್ಯುತ್ತಿದ್ದರು. ಅಪ್ಪ ಹೋದಾಗ ಅವರು ತೊಟ್ಟಿಲ ಕೂಸು. ನಾನು ವಿಮಾನದ ವಿಷಯ ತೆಗೆದರೆ ಅವರಿಗೆ ಬೇಕಿದ್ದದ್ದೇ ಬೇರೆ. ಅವರ ತಾಯಿ ಸಾಯುವವರೆಗೂ ಹಣೆಯ ಕುಂಕುಮ ಅಳಿಸಲಿಲ್ಲವಂತೆ. ಮಹಾಲಯ ಅಮಾವಾಸ್ಯೆಗೆ ಮನೆಯ ಹಿರಿಯರಿಗೆಲ್ಲ ಎಡೆ ಇಟ್ಟರೂ ಗಂಡನಿಗೆ ಮಾತ್ರ ಇಡಗೊಡಲಿಲ್ಲ. ಬದುಕಿರುವವನಿಗೆ ಎಡೆ ಇಟ್ಟು ನೀವೇ ಸಾಯಿಸುತ್ತೀರಾ ಎಂದು ಜಗಳಕ್ಕೆ ಬರುತ್ತಿದ್ದರಂತೆ. ತಾಯಿ ಹೋದ ಮೇಲೂ ಆ ಮಾತು ಮೀರಲು ಅಜ್ಜಿಗೆ ಧೈರ್ಯ ಬಂದಿರಲಿಲ್ಲ.

“ಎಲ್ರೂ ಬಂದು ಉಂಡು ಹೋಗ್ತಾರೆ, ನಮ್ಮಪ್ಪ ಒಬ್ನೇ ಹಸ್ಕೊಂಡು ನಿಂತಿರ್ತಾನೇನೋ ಅಂತ ಸಂಕಟ ಕಣಪ್ಪ,” ಎಂದರು. “ನನ್ ಕೈಲಾಗೋದು ಇನ್ನೆಷ್ಟು ವರ್ಷ? ನೀನು ಓದ್ದೋನು. ಅವನು ಇದಾನೋ ಇಲ್ವೋ, ಒಂದು ಮಾತು ಹೇಳ್ಬಿಡು.”

ಬದುಕಿದ್ದರೆ ಅವನಿಗೆ ನೂರು ದಾಟಿರಬೇಕು. ಅದು ಅಜ್ಜಿಗೂ ಗೊತ್ತಿತ್ತು. ಆದರೂ ಆ ಮಾತು ಹೊರಗಿನವರ ಬಾಯಿಂದ ಬರಬೇಕಿತ್ತು. ಇಲ್ಲ ಅಜ್ಜಿ ಎಂದೆ. ಹೇಳಿದ ಮೇಲೆ ಒಬ್ಬ ಮನುಷ್ಯನನ್ನು ನಾನೇ ಕೊಂದೆನೇನೋ ಅನ್ನಿಸಿತು. ಅಮಾವಾಸ್ಯೆಗೆ ನೀನೂ ಬರಬೇಕು ಎಂದರು. ಹೋದೆ.

ಮಟಮಟ ಮಧ್ಯಾಹ್ನ. ನಡುಮನೆಯಲ್ಲಿ ಎರಡು ಬಾಳೆಲೆ. ಹಿರಿಯರಿಗೆಲ್ಲ ಸೇರಿ ಒಂದು, ಮೊದಲ ಸಲ ತಂದೆಗೆಂದು ಬೇರೆಯಾಗಿ ಒಂದು. ತಂದೆಯ ಫೋಟೋ ಆ ಮನೆಯಲ್ಲಿ ಇರಲಿಲ್ಲ. ನಾನು ಒಯ್ದಿದ್ದ ವಿಮಾನದ ಚಿತ್ರವನ್ನೇ ಗೋಡೆಗೆ ಒರಗಿಸಿದರು. ಅಜ್ಜಿ ತಾವೇ ತಟ್ಟಿದ ಹೋಳಿಗೆಯೊಂದನ್ನು ಇಡಿಯಾಗಿ ಆ ಎಲೆಯ ನಡುವೆ ಇಟ್ಟರು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಕಾಯುವುದು ಪದ್ಧತಿ. ಮೂವರೂ ಜಗಲಿಗೆ ಬಂದೆವು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದನ್ನು ನಾನೇ ನೋಡಿದ್ದೆ. ನನಗೋ ಹಸಿವು. ಹಿರಿಯರು ಬೇಗ ಉಂಡರೆ ನಮಗೂ ಏನಾದರೂ ಸಿಕ್ಕೀತು ಎಂದು ತಮಾಷೆ ಮಾಡಿದೆ. ಶೋಭಾ ನಕ್ಕರು, ಅಜ್ಜಿ ನಗಲಿಲ್ಲ. ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಕೆಮ್ಮಿ, ಬಾಗಿಲು ತಟ್ಟಿ, ತೆರೆದರು.

ಹಿರಿಯರ ಎಲೆ ಬಡಿಸಿದ ಹಾಗೇ ಇತ್ತು. ತಂದೆಯ ಎಲೆಯಲ್ಲೂ ಅನ್ನ, ಪಾಯಸ, ತುಪ್ಪ ಯಾವುದೂ ಅಲುಗಿರಲಿಲ್ಲ. ಹೋಳಿಗೆ ಮಾತ್ರ ನಾಲ್ಕು ತುಂಡಾಗಿತ್ತು. ಕೈಯಿಂದ ಹರಿದ, ಹೆಚ್ಚುಕಡಿಮೆ ಸಮನಾದ ತುಂಡುಗಳು, ಎಲೆಯ ಒಂದೊಂದು ಮೂಲೆಯಲ್ಲಿ ಒಂದೊಂದು.

ಇಲಿ ಎನ್ನುತ್ತೀರಿ, ಬೆಕ್ಕು ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡು ಅಟ್ಟದವರೆಗೂ ಹುಡುಕಿದೆ. ತುಪ್ಪ ಮೂಸದ ಬೆಕ್ಕು, ಪಾಲು ಹಾಕುವ ಇಲಿ ಯಾವ ಊರಲ್ಲಿದೆ? ಶೋಭಾ ಕಂಬ ಹಿಡಿದು ನಿಂತುಬಿಟ್ಟಿದ್ದರು. ಅಜ್ಜಿ ಮಾತ್ರ ಎಲೆಯ ಮುಂದೆ ಕೂತು ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿದರು.

“ನಾಕು ಯಾಕ್ ಮಾಡಿದಾನೆ?”

ಆ ವಿಮಾನದಲ್ಲಿ ನಾಲ್ಕು ಜನ ಹೋಗಿದ್ದರು. ಅದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಹೇಳಿದೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನೇ ಗದರಿದರು.

“ಮೊದ್ಲೇ ಹೇಳ್ಬಾರ್ದೇನಪ್ಪಾ? ನಾಕ್ ಎಲೆ ಹಾಕ್ತಿದ್ದೆ.”

ಮರುವರ್ಷದಿಂದ ನಾಲ್ಕು ಎಲೆ ಹಾಕುತ್ತಿದ್ದಾರೆ. ಉಳಿದ ಮೂವರು ಯಾವ ಜಾತಿ, ಯಾವ ದೇಶ ಎಂದು ಅಜ್ಜಿ ಈವರೆಗೆ ಕೇಳಿಲ್ಲ. ನಾನೂ ಪ್ರತಿಸಲ ಹೋಗುತ್ತೇನೆ. ಬಡಿಸಿದ್ದು ಬಡಿಸಿದ ಹಾಗೇ ಇರುತ್ತದೆ. ಆದರೂ ಅಜ್ಜಿ ಕೆಮ್ಮಿ ಬಾಗಿಲಿಗೆ ಕೈ ಹಾಕಿದಾಗ ಎಲೆ ನೋಡಲು ನಾನೇ ಮೊದಲು ಇಣುಕುತ್ತೇನೆ. ಅಂದು ಆದದ್ದೇನು ಎಂದು ಕೇಳಿದರೆ, ದೇವರಾಣೆ ನನಗೆ ಗೊತ್ತಿಲ್ಲ.

ಪುಸ್ತಕ ಹೆಚ್ಚುಕಡಿಮೆ ಮುಗಿದಿದೆ. ಆ ಒಂದು ವಿಮಾನದ ಪುಟ ಮಾತ್ರ ನಿಂತಿದೆ. ‘ಹಿಂದಿರುಗಲಿಲ್ಲ’ ಎಂದು ಬರೆಯಲು ಕೂತರೆ ಕೈ ಮುಂದೆ ಹೋಗುವುದಿಲ್ಲ.