ಬಿಕರ್ನಕಟ್ಟೆಯ ಬನದ ಬಾಣಂತಿ

ಮಂಗಳೂರಿನ ನಾಗಬನಗಳ ಹಕ್ಕಿಗಳ ಬಗ್ಗೆ ಯಾರು ಮಾತೆತ್ತಿದರೂ ಆ ಮಾತು ಕೊನೆಗೆ ಶಶಿಪ್ರಭಾ ಮೇಡಂ ಅವರ ಹೆಸರಿಗೆ ಬಂದು ನಿಲ್ಲುತ್ತದೆ. ಮೂರು ದಶಕ ಪ್ರಾಣಿಶಾಸ್ತ್ರ ಬೋಧಿಸಿ ಈ ವರ್ಷ, 1988ರಲ್ಲಿ, ನಿವೃತ್ತರಾಗುತ್ತಿರುವ ಅವರು ತರಗತಿಯಲ್ಲಿ ಕಲಿಸಿದ್ದು ಕಡಿಮೆಯೇನಲ್ಲ. ಊರು ಬೆಳೆದಂತೆ ನೆಲೆ ಕಳೆದುಕೊಂಡ ಜೀವಿಗಳ ಪರವಾಗಿ ಅವರು ಕಟ್ಟಿಕೊಂಡ ಜಗಳಗಳು ಅದಕ್ಕಿಂತ ಹೆಚ್ಚು. ಅವರು ಕೈಚೀಲ ಹಿಡಿದು ಗೇಟಿನ ಮುಂದೆ ನಿಂತರೆ, ಚಹಾಕ್ಕೆ ನೀರಿಡಬೇಕೋ ನಾಯಿಯನ್ನು ಬಿಚ್ಚಬೇಕೋ ಎಂದು ಮನೆಯವರಿಗೆ ಗೊಂದಲವಾಗುತ್ತಿತ್ತು.

1978ರ ಬೇಸಗೆಯ ಜಗಳವನ್ನಂತೂ ಇಲ್ಲಿ ನೆನೆಯಲೇಬೇಕು. ಬನದ ಮರ ಕಡಿಸಿ ನಾಗನಿಗೆ ಸಿಮೆಂಟಿನ ಕಟ್ಟೆ ಕಟ್ಟಿಸುವುದೇ ದೊಡ್ಡ ಭಕ್ತಿ ಎನಿಸಿದ್ದ ಕಾಲವದು. ಬಿಕರ್ನಕಟ್ಟೆಯ ಹೋಟೆಲ್ ಉದ್ಯಮಿ ಮಹಾಬಲ ಶೆಟ್ಟರೂ ತಮ್ಮ ಮನೆಯಂಗಳಕ್ಕೆ ತಾಗಿದ್ದ ಕುಟುಂಬದ ಬನಕ್ಕೆ ಹಾಗೆಯೇ ಮಾಡಹೊರಟರು. ತಂತ್ರಿಗಳು ನಾಗನನ್ನು ತಾತ್ಕಾಲಿಕ ಗುಡಿಗೆ ಸ್ಥಳಾಂತರಿಸಿದ್ದರಿಂದ ಮರ ಕಡಿಯಲು ಅಡ್ಡಿಯಿರಲಿಲ್ಲ. ನಾಗನ ಮನೆ ಕೆಡವಿ ನಾಗನಿಗೇ ಮನೆ ಕಟ್ಟಿಸುವ ಈ ಭಕ್ತಿಯನ್ನು ಕಂಡರೆ ಮೇಡಂಗೆ ಮೈಯುರಿಯುತ್ತಿತ್ತು.

ಆ ಬನದ ಮುದಿ ತಾರೆಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿಯ ಗೂಡಿತ್ತು. ಹೆಣ್ಣು ಮಂಗಟ್ಟೆ ಮೊಟ್ಟೆಯಿಡಲು ಪೊಟರೆ ಸೇರಿ ಅದರ ಬಾಯಿಯನ್ನು ಒಳಗಿನಿಂದಲೇ ಮೆತ್ತಿಕೊಳ್ಳುತ್ತದೆ; ಉಳಿದ ಸೀಳಿನಲ್ಲಿ ಗಂಡು ಹಣ್ಣು ತಂದುಣಿಸುತ್ತದೆ. ಮರ ಉರುಳಿದರೆ ತಾಯಿಗೂ ಮರಿಗಳಿಗೂ ಉಳಿಗಾಲವಿಲ್ಲ.

ಸುದ್ದಿ ತಿಳಿದು ಮೇಡಂ ಏದುಸಿರು ಬಿಡುತ್ತ ಬಂದಾಗ, ಮರದ ಗುತ್ತಿಗೆದಾರ ಮೂಸಬ್ಬನವರ ಆಳುಗಳು ಕೊಂಬೆಗೆ ಹಗ್ಗ ಬಿಗಿದು ಬುಡಕ್ಕೆ ಗರಗಸ ಇಟ್ಟಿದ್ದರು. ಗಂಡು ಹಕ್ಕಿ ಕೊಕ್ಕಿನಲ್ಲಿ ಹಣ್ಣು ಹಿಡಿದು, ಹತ್ತಿರ ಬರಲು ಹೆದರಿ, ಪಕ್ಕದ ಹಲಸಿನ ಮರದಲ್ಲಿ ಕುಳಿತಿತ್ತು. ಮೇಡಂ ಬಂದವರೇ ಕಾನೂನು, ಅರಣ್ಯ ಇಲಾಖೆ, ಪೊಲೀಸು ಎಂದೆಲ್ಲ ಹೇಳಿ ಕೆಲಸ ಕೆಡಿಸಿಕೊಂಡರು. ಶೆಟ್ಟರ ಮುಖ ಕೆಂಪಾಯಿತು.

“ನಮ್ಮ ಬನ, ನಮ್ಮ ನಾಗ. ಇದರಲ್ಲಿ ಕಾಲೇಜಿನವರಿಗೆ ಎಂತ ಕೆಲಸ?” ಎಂದವರು ಆಳುಗಳಿಗೆ ಸನ್ನೆ ಮಾಡಿದರು. ಗರಗಸ ಆಡತೊಡಗಿತು, ಬುಡದಲ್ಲಿ ಹೊಟ್ಟು ಉದುರಿತು.

ಆಗ ಮನೆಯೊಳಗಿನಿಂದ ಎಳೆಗೂಸಿನ ಅಳು ಕೇಳಿಸಿತು. ಶೆಟ್ಟರ ಮಗಳು ಹೆರಿಗೆಗೆಂದು ಬಂದವಳು, ಹೆತ್ತು ಒಂದೂವರೆ ತಿಂಗಳಾಗಿತ್ತಷ್ಟೆ. ಮೇಡಂ ಶೆಟ್ಟರನ್ನು ಬಿಟ್ಟು, ಜಗಲಿಯಲ್ಲಿ ಕುಳಿತಿದ್ದ ಅವರ ತಾಯಿ ಕುಶಲಕ್ಕನ ಬಳಿ ಹೋದರು.

“ಕುಶಲಕ್ಕ, ಆ ಮರದೊಳಗೂ ಒಬ್ಬಳು ಬಾಣಂತಿ ಇದ್ದಾಳೆ. ಬಾಗಿಲು ಹಾಕಿಕೊಂಡು ಮಲಗಿದ್ದಾಳೆ. ಅಲ್ಲಿ ನೋಡಿ, ಗಂಡ ಊಟ ತಂದು ಕಾಯ್ತಾ ಇದ್ದಾನೆ.”

ಕುಶಲಕ್ಕ ಹಲಸಿನ ಮರದತ್ತ ನೋಡಿದರು. ಅಂಗಳಕ್ಕಿಳಿದು ತಾರೆಮರಕ್ಕೆ ಬೆನ್ನು ಕೊಟ್ಟು ನಿಂತರು. ಮೂಸಬ್ಬನವರು ಯಾರ ಅಪ್ಪಣೆಗೂ ಕಾಯದೆ ಗರಗಸ ನಿಲ್ಲಿಸಿದರು. ಶೆಟ್ಟರು ಕಟ್ಟೆಗೆ ಗೊತ್ತುಮಾಡಿದ ಮುಹೂರ್ತದ ಮಾತೆತ್ತಿದರು.

“ಬಾಣಂತಿಯನ್ನು ಎಬ್ಬಿಸಿ ಹೊರಗೆ ಹಾಕುವ ಪದ್ಧತಿ ನಮ್ಮ ಮನೆಯಲ್ಲಿ ಉಂಟಾ ಮಗಾ? ಅವಳು ಎದ್ದು ಹೋಗಲಿ. ಮತ್ತೆ ಮಾತಾಡುವ” ಎಂದರು ಕುಶಲಕ್ಕ.

ಹಗ್ಗ ಬಿಚ್ಚಿ ಎಲ್ಲರೂ ಜಗಲಿಗೆ ಸರಿದರೂ ಗಂಡು ಹಕ್ಕಿ ಅಲುಗಲಿಲ್ಲ. ಒಳಗಿರುವವಳು ಬದುಕಿದ್ದಾಳೋ ಇಲ್ಲವೋ ಎಂದು ಮೇಡಂ ಅವರ ಜೀವ ಕೈಯಲ್ಲಿತ್ತು. ಬಹಳ ಹೊತ್ತಿನ ಮೇಲೆ ಅದು ಹಾರಿ ಬಂದು ಸೀಳಿಗೆ ಕೊಕ್ಕು ಚಾಚಿತು. ಒಳಗಿನ ಕೊಕ್ಕು ಹಣ್ಣನ್ನು ಎಳೆದುಕೊಂಡಿತು. ಮೇಡಂ ಅತ್ತೇಬಿಟ್ಟರು.

ಮರಿಗಳು ಹಾರಿಹೋದ ಮೇಲೂ ಮರ ಕಡಿಯುವ ಮಾತು ಮತ್ತೆ ಏಳಲೇ ಇಲ್ಲ. ಕಟ್ಟೆ ಬನದ ಅಂಚಿನಲ್ಲಿ, ಚಿಕ್ಕದಾಗಿ ಎದ್ದಿತು. ಪ್ರತಿ ಬೇಸಗೆಯಲ್ಲಿ ಪೊಟರೆ ಮುಚ್ಚಿದೊಡನೆ “ನಮ್ಮವಳು ಹೆರಿಗೆಗೆ ಬಂದಿದ್ದಾಳೆ” ಎಂದು ಕುಶಲಕ್ಕ ಕಾಲೇಜಿಗೆ ಹೇಳಿಕಳಿಸುತ್ತಿದ್ದರು. ಕಳೆದ ಮಳೆಗಾಲದಲ್ಲಿ ಅವರು ತೀರಿಹೋದರು. ಈ ವರ್ಷ ಸುದ್ದಿ ಬರಲಿಕ್ಕಿಲ್ಲವೆಂದು ಮೇಡಂ ಮನಸ್ಸು ಸಣ್ಣ ಮಾಡಿಕೊಂಡಿದ್ದಾಗ, ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಮಹಾಬಲ ಶೆಟ್ಟರೇ ಬಂದು ನಿಂತರು.

“ನಮ್ಮವಳು ಬಂದಿದ್ದಾಳೆ ಮೇಡಂ. ಬರುವ ವರ್ಷ ನಿಮ್ಮ ಮನೆಗೇ ಬಂದು ಹೇಳ್ತೇನೆ.”

ಶೆಟ್ಟರು ಆ ಮಾತು ಹೇಳಲು ವರ್ಷವರ್ಷವೂ ಬರುವಂತಾಗಲಿ. ಕೇಳಿದೊಡನೆ ಕೈಚೀಲ ಎತ್ತಿಕೊಂಡು ಹೊರಡುವಷ್ಟು ಆಯುರಾರೋಗ್ಯ ನಮ್ಮ ಮೇಡಂಗೆ ಬಹುಕಾಲವಿರಲಿ.